ಒಪ್ಪಿಸುವ ಹಾಡು

ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ ಸಿದ್ದರಾಜುವಿಗೆ ಮದುವೆಗೆ ಬಂದವರು ನೆಂಟರಾಗಿ ಕಾಣುತ್ತಿರಲಿಲ್ಲ, ಜಾಹೀರಾತು ಓದುವವರಾಗಿ ಕಾಣುತ್ತಿದ್ದರು. ವರ್ಷಗಟ್ಟಲೆ ಗ್ರಾಮಫೋನ್ ಪ್ಲೇಟುಗಳಿಗೆ ಜಾಹೀರಾತು ಬರೆಯುವ ಒಂದೇ ಕೆಲಸ ಮಾಡಿದರೆ ಕಣ್ಣಿಗೂ ಅದೇ ಚಾಳಿ ಹತ್ತುತ್ತದೆ. ಮುಂದಿನ ಸಾಲಿನಲ್ಲಿ ಜರಿಪೇಟ ಸುತ್ತಿ ಕೂತ ಲಕ್ಷ್ಮೀಪುರಂ ಹಿರಿಯರಿಗೆ ದಪ್ಪ ಅಕ್ಷರ ತೋರಿಸಿದರೆ ಮುಖ ತಿರುಗಿಸುತ್ತಾರೆ. ಅವರಿಗೆ ಸಣ್ಣ ಅಕ್ಷರ ಬೇಕು, ಹಾಡಿದವರ ಹೆಸರಿನ ಹಿಂದೆ ಬಿರುದು ಬೇಕು, ರಾಗತಾಳಗಳು ತಪ್ಪಿಲ್ಲದೆ ಅಚ್ಚಾಗಿರಬೇಕು, 'ಸಂಪ್ರದಾಯಶುದ್ಧ' ಎಂಬ ಒಂದು ಮಾತು ಇರಲೇಬೇಕು, ಬೆಲೆ ಮಾತ್ರ ಹೊಸ ಸೊಸೆಯ ಹಾಗೆ ಮೂಲೆಯಲ್ಲಿ ನಾಚಿಕೊಂಡು ನಿಂತಿರಬೇಕು. ಹಿಂದೆ ಬೆತ್ತದ ಕುರ್ಚಿ ಎಳೆದುಕೊಂಡು ಕಾಲು ಅಲ್ಲಾಡಿಸುತ್ತಿರುವ ಕಾಲೇಜು ಹುಡುಗರಿಗೆ 'ಬಂದಿದೆ! ಬಂದಿದೆ!' ಎಂದು ಕೂಗಿದರೆ ಸಾಕು, ಏನು ಬಂದಿದೆ ಎಂದು ಕೇಳದೆ ಅಂಗಡಿಗೆ ಬರುತ್ತಾರೆ. ಹೆಂಗಸರಿಗೆ ದೀಪ ಹಚ್ಚುವ ಹೊತ್ತು, ತವರುಮನೆ, ತೊಟ್ಟಿಲು. 'ಹಾಡು ಒಂದೇ ಕಣ್ರೀ, ಕಿವಿ ಬೇರೆ ಬೇರೆ' ಎನ್ನುವುದು ಯಜಮಾನರಾದ ಸದಾಶಿವಯ್ಯನವರ ಸಿದ್ಧಾಂತ. ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಅವರ ಗ್ರಾಮಫೋನ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಯಾವ ಪತ್ರಿಕೆಗೆ ಯಾವ ಕಿವಿ ಎಂದು ನೋಡಿ ಬರೆಯುವುದು ಸಿದ್ದರಾಜುವಿನ ಕೆಲಸ. ಅದರಲ್ಲಿ ಅವನು ಗಟ್ಟಿಗ. ಆದರೆ ಈ ಹೊತ್ತು ಅವನ ಕಂಕುಳಲ್ಲಿ ಕಾಗದದ ಚೀಲದಲ್ಲಿದ್ದ ಕಪ್ಪು ಪ್ಲೇಟು ಬೆವರಿಗೆ ಅಂಟುತ್ತಿತ್ತು, ಮತ್ತು ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿದಿರಲಿಲ್ಲ.

"ಸಿದ್ದರಾಜು ಅವ್ರೆ, ಪ್ಲೇಟು ಜೋಪಾನ. ಊಟ ಆದ ಮೇಲೆ ಹೆಣ್ಣು ಒಪ್ಪಿಸೋದು. ಆಗ ಹಾಕಬೇಕು, ಮರೀಬೇಡಿ" ಎಂದು ಅಂಬುಜಮ್ಮ ಅತ್ತಿಂದಿತ್ತ ಓಡಾಡುತ್ತಲೇ ಹೇಳಿ ಹೋದರು. ಸರಸ್ವತಿಪುರಂನ ಈ ಮನೆ ಅವರದು. ಹಿತ್ತಲಿನ ಒಂಟಿ ಕೋಣೆಯಲ್ಲಿ ಸಿದ್ದರಾಜು ಬಾಡಿಗೆಗಿದ್ದ. ಇವತ್ತು ಅವರ ಮಗಳು ಚೂಡಾಮಣಿಯ ಮದುವೆ. ಹೊಂಗೆಮರಕ್ಕೆ ಮೈಕಿನ ತುತ್ತೂರಿ ಕಟ್ಟಿದ್ದರು, ಪ್ಲೇಟಿನ ಅಂಗಡಿಯವನು ಎಂದು ಸಿದ್ದರಾಜುವನ್ನೇ ಗ್ರಾಮಫೋನಿನ ಮುಂದೆ ಕೂರಿಸಿದ್ದರು. ಅಂಬುಜಮ್ಮ ಮಹಿಳಾ ಮಾಸಿಕದಲ್ಲಿ ಜಾಹೀರಾತು ಓದಿ, ಕಣ್ಣಲ್ಲಿ ನೀರು ತಂದುಕೊಂಡು, ಗಂಡನನ್ನು ಅಟ್ಟಿ ಈ ಪ್ಲೇಟು ತರಿಸಿದ್ದರು. ಆ ಜಾಹೀರಾತು ಬರೆದವನು ಇವನೇ. 'ಹೋಗಿ ಬಾರವ್ವ ನನ್ನ ಕೂಸೆ... ಮಗಳನ್ನು ಒಪ್ಪಿಸುವ ಗಳಿಗೆಯಲ್ಲಿ ನಿಮ್ಮ ಕಣ್ಣೀರಿಗೊಂದು ದನಿ. ಹಾಡಿರುವವರು: ಗ್ರಾಮೀಣ ಮಹಿಳೆ.' ಆದರೆ ಆ ಹಾಡು ಮದುವೆಯದಲ್ಲ. ಅವನ ತಂಗಿ ಚಾಮಿಯನ್ನು ಮಣ್ಣು ಮಾಡಿದ ದಿನ ಅವನ ಅವ್ವ ಎದೆ ಬಡಿದುಕೊಂಡು ಹಾಡಿದ ಹಾಡು ಅದು. ಹೇಳಿಬಿಟ್ಟರೆ ಮುಗಿಯುತ್ತದೆ. ಹೇಳಲು ಬೇಕಾದದ್ದು ಒಂದೇ ಮಾತು. ಆದರೆ ಆ ಮಾತಿನ ಬಾಲ ಹಿಡಿದು ಇನ್ನೊಂದು ಮಾತು ಹೊರಬರುತ್ತದೆ, ಅದನ್ನು ಸಿದ್ದರಾಜು ಯಾರಿಗೂ ಹೇಳಿರಲಿಲ್ಲ.

ಹಳ್ಳಿ ಹಾಡುಗಳಿಗೆ ಈಗ ಕಾಲ ಬಂದಿದೆ ಎಂದು ಸದಾಶಿವಯ್ಯನವರಿಗೆ ಯಾರೋ ಹೇಳಿದ್ದರು. ಹಳ್ಳಿ ಬಿಟ್ಟು ಬಂದು ಕಚೇರಿ ಸೇರಿದವರಿಗೆ ಹಳ್ಳಿಯನ್ನೇ ಮಾರಬಹುದು ಎಂಬುದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಮದರಾಸಿನಿಂದ ಧ್ವನಿಮುದ್ರಣದ ಯಂತ್ರ ಬರುವುದಿತ್ತು. "ಹಾಡೋ ಹೆಂಗಸರು ಯಾರಾದ್ರೂ ಗೊತ್ತೇನ್ರಿ?" ಎಂದು ಅವರು ಕೇಳಿದಾಗ ಸಿದ್ದರಾಜು, "ಒಬ್ಬರಿದಾರೆ ಸಾರ್, ಮೇಟಗಳ್ಳಿ ದೇವಿರಮ್ಮ ಅಂತ. ನಮ್ಮ ಮನೆಗೆ ಹಾಲು ಹಾಕ್ತಿದ್ರು" ಎಂದ. ನಮ್ಮವ್ವ ಎನ್ನುವುದಕ್ಕೂ ಹಾಲು ಹಾಕುತ್ತಿದ್ದರು ಎನ್ನುವುದಕ್ಕೂ ನಡುವೆ ಎಷ್ಟು ಹೊತ್ತು ಇತ್ತು? ಅವನು ಯೋಚಿಸಿ ಹೇಳಿದ್ದಲ್ಲ, ಬಾಯಿ ತಾನಾಗಿ ಜಾರಿತು, ಜಾರಿದ ಮೇಲೆ ಹಗುರವೆನಿಸಿತು. ಆ ಹಗುರವೇ ಅವನಿಗೆ ಈಗ ಅಸಹ್ಯ. ಅವ್ವ ಗರಿಗರಿ ಸೀರೆಯುಟ್ಟು, ಹಣೆಯ ತುಂಬ ಕುಂಕುಮವಿಟ್ಟು ಅಂಗಡಿಯ ಮೆಟ್ಟಿಲ ಹತ್ತಿರ ನಿಂತಿದ್ದಳು. ಸದಾಶಿವಯ್ಯ "ಇವರೇನ್ರಿ ನಿಮ್ಮ ಹಾಲಿನವರು?" ಎಂದರು. ಅವ್ವನ ಕಣ್ಣು ಒಮ್ಮೆ ಮಗನ ಕಡೆ ಹೊರಳಿತು, ಅಷ್ಟೇ. "ಊ ಕಣ್ ಸಾಮಿ, ಈ ಬುದ್ಧೇರ್ ಮನೆಗೇ ಹಾಕ್ತಿದ್ದಿದ್ದು" ಎಂದಳು. ಆಮೇಲೆ ಅವತ್ತು ಪೂರ್ತಿ ಅವನನ್ನು, ಊರಿನ ದೊಡ್ಡವರನ್ನು ಕರೆಯುವ ಹಾಗೆ, ಬುದ್ಧಿ ಎಂದೇ ಕರೆದಳು. ಬುದ್ಧಿ, ನೀರು ಎಲ್ಲಿ ಸಿಕ್ತದೆ. ಬುದ್ಧಿ, ಚಪ್ಲಿ ಇಲ್ಲೇ ಬುಡಲಾ. ಯಾರೂ ಹೇಳಿಕೊಟ್ಟಿರಲಿಲ್ಲ. ಹೆತ್ತವಳು ಮಗನ ಕಡೆ ನಿಂತುಕೊಂಡಳು, ಅವನು ಹೋಗಿ ನಿಂತ ಕಡೆ ಅವಳಿಗೆ ಜಾಗವಿಲ್ಲದಿದ್ದರೂ.

ಸದ್ದು ಒಳಬರದಂತೆ ಕಿಟಕಿಗಳಿಗೆ ರಜಾಯಿ ತೂಗುಹಾಕಿದ್ದ ಧ್ವನಿಮುದ್ರಣದ ಕೋಣೆಯಲ್ಲಿ ಗಾಳಿಯಿರಲಿಲ್ಲ. ಪ್ಲೇಟಿನ ಮೊದಲ ಮಗ್ಗುಲಿಗೆ ಅವ್ವ ಮದುವೆಯ ಸೋಬಾನೆ ಹಾಡಿದಳು, ಚೆನ್ನಾಗಿಯೇ ಬಂತು. ಎರಡನೆಯ ಮಗ್ಗುಲಿಗೆ ಇನ್ನೊಂದು ಬೇಕು ಎಂದರು. ಮದರಾಸಿನ ಯಂತ್ರದವನು ಕೈ ತೋರಿಸಿದ. ಅವಳು ಮೈಕನ್ನು ನೋಡಲಿಲ್ಲ, ಗೋಡೆಯನ್ನು ನೋಡಲಿಲ್ಲ, ಮಗನನ್ನೇ ನೋಡುತ್ತ, 'ಹೋಗವ್ವ ನನ್ ಕೂಸೆ, ದಾರಿ ತಂಪಾಗಿರಲಿ, ತಿರುಗಿ ನೋಡ್ದಂಗೆ ಹೋಗವ್ವ' ಎಂದು ಎತ್ತಿಕೊಂಡಳು. ಸಿದ್ದರಾಜುವಿಗೆ ಆ ದಿನವೇ ಕಣ್ಣಿಗೆ ಕಟ್ಟಿತು. ಹೊಲದ ಬದುವಿನಲ್ಲಿ ಜನ, ಬಿಳಿ ಬಟ್ಟೆಯಲ್ಲಿ ಅಷ್ಟುದ್ದದ ಚಾಮಿ, ಹಾಸ್ಟೆಲಿನಿಂದ ತನ್ನ ಜೊತೆ ಬಂದಿದ್ದ ಗೆಳೆಯ ಕಿವಿಯ ಹತ್ತಿರ ಬಾಗಿ 'ಅಳೋದಕ್ಕೂ ರಾಗ ಇದೆಯೇನೋ ನಿಮ್ಮಲ್ಲಿ?' ಎಂದದ್ದು, ತಂಗಿ ಸತ್ತ ಸಂಕಟಕ್ಕಿಂತ ಅವ್ವ ಇಷ್ಟು ಜೋರಾಗಿ ಹಾಡಬಾರದಿತ್ತು ಎಂಬ ನಾಚಿಕೆಯೇ ಅವನನ್ನು ಮೊದಲು ಮುಟ್ಟಿದ್ದು. ಹಾಡು ಮುಗಿದಾಗ ಸದಾಶಿವಯ್ಯ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. "ಹೆಣ್ಣು ಒಪ್ಪಿಸೋ ಹಾಡಲ್ವೇನ್ರಿ? ಕರುಳು ಕಿತ್ತು ಬರುತ್ತೆ." ಸಿದ್ದರಾಜು ಬಾಯಿ ತೆರೆದ. "ಹೌದು ಸಾರ್" ಎಂಬುದು ಬಂತು. ಅವ್ವ ಸೆರಗಿನಿಂದ ಕತ್ತು ಒರೆಸಿಕೊಂಡು, "ಒಪ್ಸೋದೇ ತಾನೆ ಬುದ್ಧಿ" ಎಂದಳು.

ಹೋಗು ಎನ್ನುವ ಮಾತು ಅವರ ಮನೆಯಲ್ಲಿ ಇರಲಿಲ್ಲ. ಹೊರಟವರು ಯಾರೇ ಆಗಲಿ ಹೋಗ್ಬತ್ತೀನಿ ಎನ್ನಬೇಕು, ಕಳಿಸುವವರು ಹೋಗ್ಬಾ ಎನ್ನಬೇಕು. ಬಾಯಿತಪ್ಪಿ ಬರೀ ಹೋಯ್ತೀನಿ ಎಂದರೆ ಅವ್ವ ಅಂಗಳದಿಂದಲೇ ಕರೆದು, ಹೊಸ್ತಿಲ ಮೇಲೆ ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸುತ್ತಿದ್ದಳು. ಬರಿಯ 'ಹೋಗು' ಮಣ್ಣು ಹಾಕುವಾಗ ಮಾತ್ರ. ಊರಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಈ ಮಾತು ಮೈಸೂರಿನ ಯಾವ ಕಿವಿಗೂ ಕೇಳಿಸಲಿಲ್ಲ. ಬರೆಯುವ ಕೋಣೆಯಲ್ಲಿ ಕೂತು ಸಿದ್ದರಾಜು ಪಲ್ಲವಿಯನ್ನು ಹಾಗೇ ಇಳಿಸಲು ಹೋದ, ಪೆನ್ನು ನಿಂತಿತು. ಒಂದು 'ಬಾ' ಸೇರಿಸಿದ. 'ಹೋಗಿ ಬಾರವ್ವ.' ಅಚ್ಚಿನಲ್ಲಾದರೂ ಚಾಮಿ ಬದುಕಲಿ ಎಂದೋ, ಸುಳ್ಳು ಸಲೀಸಾಗಿ ನಡೆಯಲಿ ಎಂದೋ ಅವನಿಗೇ ತಿಳಿಯದು. ಸಾಹಿತ್ಯದ ಮಾಸಿಕಕ್ಕೆ 'ಲಿಪಿಯಿಲ್ಲದ ಕಾವ್ಯ, ಮಣ್ಣಿನ ವಾಸನೆಯ ಕಂಠ' ಎಂದು ಬರೆದ; 'ಮಣ್ಣಿನ' ಎಂಬಲ್ಲಿ ತಾನೇ ಬೆಚ್ಚಿದ, ಆದರೆ ಅಳಿಸಲಿಲ್ಲ, ಮಾತು ಚೆನ್ನಾಗಿತ್ತು. ಸಿನಿಮಾ ವಾರಪತ್ರಿಕೆಗೆ 'ಅಳದೆ ಕೇಳಬಲ್ಲಿರಾ?' ಎಂದು ಸವಾಲು ಹಾಕಿದ. ಹಾಡಿದವರ ಹೆಸರು ಹಾಕೋಣವೇ ಎಂದು ಮೆಲ್ಲಗೆ ಕೇಳಿದ್ದ. "ಹೆಸರು ಬೇಡ ಕಣ್ರೀ. ಸಂಗೀತದ ಪ್ಲೇಟಿಗೆ ಹೆಸರೇ ಬಂಡವಾಳ. ಇದಕ್ಕೆ ಹೆಸರು ಹಾಕಿದ್ರೆ ಯಾರೋ ಒಬ್ಬಳ ಹಾಡಾಗುತ್ತೆ, ಹಾಕದೇ ಇದ್ರೆ ಎಲ್ಲರ ತಾಯಿ ಹಾಡಾಗುತ್ತೆ" ಎಂದರು ಸದಾಶಿವಯ್ಯ. ಎಷ್ಟು ಒಳ್ಳೆಯ ಮಾತು! ಸಿದ್ದರಾಜು ಬದುಕಿದೆಯಾ ಬಡಜೀವವೇ ಎಂದುಕೊಂಡ. ತನ್ನ ತಾಯಿಯನ್ನು ಎಲ್ಲರ ತಾಯಿ ಮಾಡಿದರೆ ತನ್ನ ತಾಯಿ ಅಲ್ಲವಾಗುತ್ತಾಳೆ, ಅಷ್ಟು ಸುಲಭ.

ಅಂಬುಜಮ್ಮ ಪ್ಲೇಟು ತರಿಸಿದ ಸುದ್ದಿ ಕೇಳಿದ ದಿನವೇ ಅವನು ಸೈಕಲ್ ತುಳಿದುಕೊಂಡು ಮೇಟಗಳ್ಳಿಗೆ ಹೋಗಿದ್ದ. ಅವ್ವ ಕೊಟ್ಟಿಗೆ ಬಳಿಯುತ್ತಿದ್ದಳು. "ಅವ್ವ, ನಾನಿರೋ ಮನೆಯೋರ್ ಮಗಳ್ ಮದ್ವೇಲಿ ಆ ಹಾಡ ಹಾಕ್ತಾರಂತೆ" ಎಂದ. ಊರಿಗೆ ಬಂದರೆ ನಾಲಿಗೆ ತಾನೇ ಹಳೆಯ ಜಾಡು ಹಿಡಿಯುತ್ತಿತ್ತು.

"ಯಾವ್ ಹಾಡ?"

"ಚಾಮಿದು."

ಅವ್ವ ಪೊರಕೆ ಗೋಡೆಗೆ ಒರಗಿಸಿದಳು. "ನೀನೇಳ್ನಿಲ್ವಾ ಅವರ್ಗೆ?"

"ಎಂಗೇಳ್ಲವ್ವ?"

"ಬಾಯಲ್ಲೇಳು. ಪೇಪರ್ನಾಗೆ ಅಷ್ಟೊಂದ್ ಬರೀತೀಯಲ್ಲ."

"ನಿಂಗೆಂಗೊತ್ತು ಅಂತಾರೆ. ಹಾಡಿದ್ದು ನಮ್ಮವ್ವ ಅಂತ ಹೇಳ್ಬೇಕಾಯ್ತದೆ."

ಅವ್ವ ಅವನನ್ನು ನೋಡಿದಳು. ಬೈದಿದ್ದರೆ ಒಳ್ಳೆಯದಿತ್ತು, ಅವಳು ಬೈಯಲಿಲ್ಲ. "ಅಂಗಾದ್ರೆ ಬುಡು" ಎಂದಳು, ಅವನು ಚಿಕ್ಕವನಿದ್ದಾಗ ಮಾರ್ಕೆಟ್ಟಿನಲ್ಲಿ ಏನನ್ನೋ ಕೇಳಿ ಕೊಡಿಸಲಾಗದೆ ಹೋದಾಗ ಹೇಳುತ್ತಿದ್ದ ಅದೇ ದನಿಯಲ್ಲಿ. ಸ್ವಲ್ಪ ಹೊತ್ತಾದ ಮೇಲೆ, "ಮೊಗೀನ್ ಎಸ್ರೇನು?" ಎಂದು ಕೇಳಿದಳು.

"ಚೂಡಾಮಣಿ. ನನ್ನ ಸಿದ್ದಣ್ಣ ಅಂತದೆ. ನಮ್ ಚಾಮಿ ಇದ್ದಿದ್ರೆ ಅಷ್ಟೇ ಇರೋಳು."

ಅವ್ವ ಮತ್ತೆ ಪೊರಕೆ ಎತ್ತಿಕೊಂಡಳು. ಹೊರಟಾಗ ಅವನು ಹೋಗ್ಬತ್ತೀನಿ ಕಣವ್ವ ಎಂದ, ಅವಳು ಹೋಗ್ಬಾಪ್ಪ ಎಂದಳು.

ಒಳಗಿನಿಂದ ಸಾರಿನ ಒಗ್ಗರಣೆಯ ಘಾಟು ಬಂತು. ಎಲೆ ಹಾಕುತ್ತಿದ್ದರು. ಬಾಗಿಲ ಸಂದಿಯಲ್ಲಿ ಚೂಡಾಮಣಿ ಕಂಡಳು, ಬಾಸಿಂಗದ ಭಾರಕ್ಕೆ ಕತ್ತು ಓರೆಮಾಡಿಕೊಂಡು ಅವನನ್ನು ನೋಡಿ ನಕ್ಕಳು. "ಸಿದ್ದಣ್ಣ, ಅಳಿಸೋ ಪ್ಲೇಟಂತೆ? ನಾನಂತೂ ಅಳಲ್ಲ ನೋಡ್ತಿರಿ" ಎಂದಳು. ಈ ಮಗುವನ್ನು ಹೆಣದ ಹಾಡು ಹಾಡಿ ಗಂಡನ ಮನೆಗೆ ಕಳಿಸುವುದೇ? ತಾನು ಓದಿದವನು, ಶಕುನಗಿಕುನ ನಂಬುವವನಲ್ಲ ಎಂದುಕೊಂಡ. ನಂಬುವವನಲ್ಲ ಎಂದು ಹೇಳಿಕೊಳ್ಳುತ್ತಲೇ ಜಗಲಿಯ ಮೆಟ್ಟಿಲ ಮೇಲೆ ನಿಂತು ಚೀಲದ ಬಾಯನ್ನು ಕೆಳಕ್ಕೆ ಮಾಡಿದ. ಅರಗಿನ ಪ್ಲೇಟು, ಕಲ್ಲಿಗೆ ತಗುಲಿದರೆ ಉಳಿಯುವುದುಂಟೇ? ಅದು ಚೂರಾದ ಸದ್ದಿಗೆ ಚಪ್ಪರದ ಅರ್ಧ ಜನ ತಿರುಗಿದರು.

ಅಂಬುಜಮ್ಮ ಓಡಿ ಬಂದರು. ಅವರ ಮುಖದಲ್ಲಿ ರಕ್ತವಿರಲಿಲ್ಲ. "ಶುಭಕಾರ್ಯದ ದಿನ ಹೀಗೆ ಒಡೀಬಹುದೇನ್ರಿ? ಇದೇನು ಅಪಶಕುನಾರೀ!" ಎಂದವರೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಪಶಕುನ ತಪ್ಪಿಸಲು ಹೋಗಿ ಅಪಶಕುನ ಮಾಡಿದ್ದ. ಕೈ ಜಾರಿತು ಎಂದು ತೊದಲಿದ. ಕಾಲೇಜು ಹುಡುಗರಲ್ಲಿ ಯಾರೋ 'ಅಂಗಡಿಯವರಿಗೆ ವ್ಯಾಪಾರ ಆಯ್ತು ಬಿಡಿ, ಇನ್ನೊಂದು ಮಾರಬಹುದು' ಎಂದು ನಕ್ಕರು. ಬಗ್ಗಿ ಚೂರುಗಳನ್ನು ಆಯುವಾಗ ಕುಂಬಳಕಾಯಿ ಕಳ್ಳನ ಹಾಗೆ ಎಲ್ಲರೂ ತನ್ನ ಹೆಗಲನ್ನೇ ನೋಡುತ್ತಿದ್ದಾರೆ ಎನಿಸಿತು. ಒಬ್ಬ ಅಜ್ಜಿ ಮಾತ್ರ "ದೃಷ್ಟಿ ಹೋಯ್ತು ಅಂತ ತಿಳ್ಕೊಳೇ ಅಂಬುಜಾ" ಎಂದರು. ಅಂಬುಜಮ್ಮ ಕಣ್ಣೊರೆಸಿಕೊಂಡು ಎದ್ದರು. ಅವಮಾನವೆಲ್ಲ ಆದ ಮೇಲೂ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟುವಾಗ ಸಿದ್ದರಾಜುವಿಗೆ ಹೊಟ್ಟೆಯೊಳಗೆ ತಂಪಾಯಿತು. ಊಟಕ್ಕೆ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡ.

ಕೈ ತೊಳೆದು ಬರುವಾಗ ಗೇಟಿನಲ್ಲಿ ಸದಾಶಿವಯ್ಯನವರು ನಿಂತಿದ್ದರು, ಕೈಯಲ್ಲಿ ಕೆಂಪು ರಿಬ್ಬನ್ನು ಕಟ್ಟಿದ ಚೌಕದ ಪೊಟ್ಟಣ. ಅಂಬುಜಮ್ಮ ಅದನ್ನು ಬಿಚ್ಚಿ ನೋಡಿ, "ಅಯ್ಯೋ, ದೇವರೇ ಕಳಿಸಿದ ಹಾಗೆ ತಂದ್ರಲ್ಲ! ಊಟಕ್ಕೆ ಮುಂಚೆ ತಾನೇ ಇದೇ ಒಡೆದು ಹೋಗಿತ್ತು ಕಣ್ರೀ" ಎಂದು ಅದನ್ನು ಕಣ್ಣಿಗೊತ್ತಿಕೊಂಡರು. ಸದಾಶಿವಯ್ಯ ಬೀಗಿದರು. ಕೊಳ್ಳುವವರ ಕಣ್ಣಲ್ಲಿ ಮಾಲು ಪ್ರಸಾದವಾಗುವುದನ್ನು ಯಾವ ಅಂಗಡಿಯವನು ತಾನೇ ಕಂಡಿದ್ದಾನೆ? "ಬನ್ರೀ ಸಿದ್ದರಾಜು, ನಾನೂ ಪಕ್ಕದಲ್ಲೇ ಕೂತು ಕೇಳ್ತೀನಿ" ಎಂದು ಅವನ ಭುಜ ಹಿಡಿದು ಗ್ರಾಮಫೋನಿನ ಮುಂದೆ ಕೂರಿಸಿದರು.

ನಡುಮನೆಯಲ್ಲಿ ಹೆಣ್ಣು ಒಪ್ಪಿಸಿ ಆಯಿತು. ಚೂಡಾಮಣಿಯನ್ನು ಗೇಟಿನ ಹೊರಗಿದ್ದ ಕಾರಿನ ಕಡೆ ಕರೆತರುತ್ತಿದ್ದರು. ಅಂಬುಜಮ್ಮ ಕೈ ಎತ್ತಿ ಸನ್ನೆ ಮಾಡಿದರು. ಸಿದ್ದರಾಜು ಪ್ಲೇಟಿನ ಸೋಬಾನೆಯ ಮಗ್ಗುಲನ್ನು ಮೇಲೆ ಮಾಡಿ ಇಟ್ಟ. ಇಷ್ಟಾದರೂ ನಡೆಯಲಿ ದೇವರೇ ಎಂದುಕೊಂಡ. "ಏ, ಆ ಕಡೆ ಅಲ್ರೀ, ತಿರುಗಿಸಿ" ಎಂದರು ಸದಾಶಿವಯ್ಯ. "ಸಾರ್, ಇದೂ..." ಎಂದ. "ನೀವೇ ಬರೆದು ನೀವೇ ಮರೆತ್ರಾ?" ಎಂದು ಅವರು ನಗುತ್ತ ತಾವೇ ಪ್ಲೇಟು ಮಗುಚಿದರು. ಈಗಲೂ ಹೇಳಬಹುದಿತ್ತು. ಸಾರ್, ಇದು ಸಾವಿನ ಹಾಡು. ಹಾಡಿದವಳು ನಮ್ಮವ್ವ. ಎರಡೇ ಎರಡು ಮಾತು. ಪುಟಗಟ್ಟಲೆ ಬರೆದವನು, ಯಾವ ಕಿವಿಗೆ ಯಾವ ಮಾತೆಂದು ಅರೆನಿದ್ದೆಯಲ್ಲೂ ಹೇಳಬಲ್ಲವನು, ಈ ಕಿವಿಗೆ ಯಾವ ಮಾತೆಂದು ಗೊತ್ತಾಗದೆ ಮುಳ್ಳನ್ನು ಎತ್ತಿ ಇಟ್ಟ.

ಹೊಂಗೆಮರದ ಮೇಲಿಂದ ಅವ್ವನ ದನಿ ಇಳಿಯಿತು. ಸರಸ್ವತಿಪುರಂನ ಬೀದಿಯಷ್ಟುದ್ದಕ್ಕೂ ಇಳಿಯಿತು. ಹೆಂಗಸರು ಸೆರಗು ಬಾಯಿಗಿಟ್ಟರು, ಅಳಲ್ಲ ಎಂದಿದ್ದ ಚೂಡಾಮಣಿ ಅಮ್ಮನ ಕೊರಳಿಗೆ ಬಿದ್ದು ಅತ್ತಳು, ಜರಿಪೇಟದ ಹಿರಿಯರು ಗಂಟಲು ಸರಿಮಾಡಿಕೊಂಡರು. ಬೇರೆ ಬೇರೆ ಎಂದು ತಾನು ಬಲವಾಗಿ ನಂಬಿದ್ದ ಕಿವಿಗಳೆಲ್ಲ ಒಂದೇ ಆಗಿ ಅಳುವುದನ್ನು ಸಿದ್ದರಾಜು ನೋಡುತ್ತ ಕೂತ. 'ಹೋಗವ್ವ ನನ್ ಕೂಸೆ' ಎಂದಿತು ತುತ್ತೂರಿ. "ಬಾರವ್ವ" ಎಂದಿತು ಇನ್ನೊಂದು ದನಿ, ಗುಂಪಿನ ಹಿಂದಿನಿಂದ. ಅವನು ಕತ್ತು ಎತ್ತಿದ. ಗೇಟಿನ ಹತ್ತಿರ ಅವ್ವ. ಅದೇ ಗರಿಗರಿ ಸೀರೆ, ಅದೇ ಕುಂಕುಮ, ಮಡಿಲಿನಲ್ಲಿ ಏನೋ ಗಂಟು. ಜನರನ್ನು ಮೊಣಕೈಯಿಂದ ಸರಿಸಿಕೊಂಡು ನೆಟ್ಟಗೆ ಚೂಡಾಮಣಿಯ ಹತ್ತಿರ ಬಂದಳು. ತುತ್ತೂರಿ ಹೋಗವ್ವ ಎಂದಾಗಲೆಲ್ಲ ಅವಳು ಅದರ ಬೆನ್ನಿಗೇ ಬಾರವ್ವ ಎನ್ನುತ್ತಿದ್ದಳು, ಒಂದನ್ನೂ ತಪ್ಪಿಸದೆ, ಹಾಡುವ ದನಿಯಲ್ಲಲ್ಲ, ಹೊಸ್ತಿಲ ಮೇಲೆ ಕೂರಿಸಿ ನೀರು ಕುಡಿಸಿ ಹೇಳಿಸುವ ದನಿಯಲ್ಲಿ. 'ತಿರುಗಿ ನೋಡ್ದಂಗೆ' ಎಂದಿತು ಪ್ಲೇಟು. ಅವ್ವ ಚೂಡಾಮಣಿಯ ಗಲ್ಲ ಹಿಡಿದು ಮನೆಯ ಕಡೆ ತಿರುಗಿಸಿ, "ನೋಡವ್ವ, ನಿನ್ ಮನೆ, ಚೆನ್ನಾಗ್ ನೋಡ್ಕೋ. ಗೌರಿ ಹಬ್ಬಕ್ ಬಾ" ಎಂದಳು. ಮಡಿಲಿನ ಗಂಟು ಬಿಚ್ಚಿ ಅರಿಶಿನದ ಕೊಂಬು, ಎರಡು ಬಳೆ ಕೈಗಿಟ್ಟಳು. ಹಸಿರು ಬಳೆ. ಚಾಮಿಯವು, ಸಿದ್ದರಾಜು ಗುರುತು ಹಿಡಿದ.

ಕಾರು ಹೊರಟಿತು. ಹಾಡು ಮುಗಿದು ಮುಳ್ಳು ಕೊನೆಯ ಗೆರೆಯಲ್ಲಿ ಗೊರಗೊರ ಎನ್ನುತ್ತಿತ್ತು, ತೆಗೆಯಬೇಕೆಂದು ಅವನಿಗೆ ತೋಚಲಿಲ್ಲ. "ಅರೆ, ಹಾಡಿದವಳೇ ಅಲ್ವೇನ್ರಿ ಇವಳು, ನಿಮ್ಮ ಹಾಲಿನವಳು!" ಎಂದು ಸದಾಶಿವಯ್ಯ ಎದ್ದುನಿಂತಿದ್ದರು. "ಹಾಡಿದವಳೇ ಬಂದು ಹರಸಿದಳು! ಮುಂದಿನ ತಿಂಗಳ ಜಾಹೀರಾತಿಗೆ ಇದನ್ನೇ ಹಾಕಿ ಕಣ್ರೀ, ಇದಕ್ಕಿಂತ ಬೇಕಾ?" ಅಂಬುಜಮ್ಮ ಅವ್ವನ ಎರಡು ಕೈಯನ್ನೂ ಹಿಡಿದುಕೊಂಡು ಗ್ರಾಮಫೋನಿನ ಹತ್ತಿರ ಕರೆತಂದರು. ಅವರ ಮುಖ ಅತ್ತು ಊದಿತ್ತು. "ಎಂಥ ಪುಣ್ಯಾತ್ಗಿತ್ತಿ ನೀವು. ಸಿದ್ದರಾಜು ಅವ್ರೆ, ಇವರು ನಿಮಗೆ ಗೊತ್ತಂತಲ್ಲ, ಏನಾಗಬೇಕು ನಿಮಗೆ?"

ಅವ್ವ ಅವನ ಬಾಯನ್ನೇ ನೋಡುತ್ತಿದ್ದಳು. ಅವಸರವೇನೂ ಇರಲಿಲ್ಲ ಅವಳಿಗೆ. ಚಿಕ್ಕ ಮಗು ಮೊದಲ ಮಾತು ಆಡುವುದನ್ನು ಕಾಯುವವಳ ಹಾಗೆ ತುಟಿ ಸ್ವಲ್ಪ ತೆರೆದುಕೊಂಡು ನಿಂತಿದ್ದಳು. ಸಿದ್ದರಾಜುವಿನ ನಾಲಿಗೆಯ ತುದಿಗೆ ಅ ಎಂಬ ಅಕ್ಷರ ಬಂತು. ಸದಾಶಿವಯ್ಯ ನೋಡಿದರು, ಅಂಬುಜಮ್ಮ ನೋಡಿದರು, ನಕ್ಕಿದ್ದ ಕಾಲೇಜು ಹುಡುಗ ಎಲೆಅಡಿಕೆ ಅಗಿಯುತ್ತ ನೋಡಿದ. "ಅದು... ಇವರು..." ಎಂದ ಸಿದ್ದರಾಜು.

"ಮೇಟಗಳ್ಳಿಯೋಳು ಕಣವ್ವ ನಾನು" ಎಂದಳು ಅವ್ವ, ಅಂಬುಜಮ್ಮನ ಕೈಯಿಂದ ಮೆಲ್ಲಗೆ ಕೈ ಬಿಡಿಸಿಕೊಂಡು. "ಇವರ್ ಮನೆಗೆ ಹಾಲ್ ಹಾಕ್ತಿದ್ದೆ." ಊಟ ಮಾಡಿಕೊಂಡು ಹೋಗಿ ಎಂದು ಅವರು ಅಂಗಲಾಚಿದರು. ಅವ್ವ ಕರು ಕಟ್ಟಿ ಬಂದಿದ್ದೇನೆ ಎಂದಳು. ಸೆರಗು ಸರಿಮಾಡಿಕೊಂಡು, ಎರಡು ಹೆಜ್ಜೆ ಅವನ ಹತ್ತಿರ ಬಂದಳು. ಅವಳ ಮೈಯಿಂದ ಕೊಟ್ಟಿಗೆಯ, ಬೆವರಿನ, ಕುಂಕುಮದ ವಾಸನೆ ಬಂತು.

"ಹೋಯ್ತೀನಿ ಬುದ್ಧಿ" ಎಂದಳು.

ಸಿದ್ದರಾಜು ಕಾದ. ಉಳಿದ ಮಾತು ಬರಬೇಕು, ಬಂದೇ ಬರುತ್ತದೆ ಎಂದು ಕಾದ. ಗೇಟಿನ ತನಕ ಹೋಗಿ ಹೇಳಿಯಾಳು. ಕರೆಯಬೇಕಿತ್ತು, ಕರೆದು ಮೆಟ್ಟಿಲ ಮೇಲೆ ಕೂರಿಸಿ ಒಂದು ಲೋಟ ನೀರು ಕುಡಿಸಬೇಕಿತ್ತು. ಆದರೆ ಏನೆಂದು ಕರೆಯುವುದು ಇಷ್ಟು ಜನರ ಮುಂದೆ? ಅವ್ವ ಗೇಟು ದಾಟಿದಳು. ಹೊಂಗೆಮರದ ನೆರಳು ದಾಟಿದಳು. ತಿರುಗಿ ನೋಡಲಿಲ್ಲ.

"ಅದನ್ನ ತೆಗೀರೀ ಸಿದ್ದರಾಜು, ಮುಳ್ಳು ಹಾಳಾಗುತ್ತೆ" ಎಂದರು ಸದಾಶಿವಯ್ಯ.